ಭಾಷೆಗೂ ಒಂದು ಕೆಲಸ ಬೇಕು

ಬೇಸಿಗೆಯ ರಜೆ ಬಂತೆಂದರೆ ನಾಡಿನ ಎಷ್ಟೋ ಮನೆಗಳಲ್ಲಿ ಒಂದು ಬಗೆಯ ಸಡಗರ ತಲೆದೋರುತ್ತದೆ. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ದುಬೈಯಲ್ಲೋ ನೆಲಸಿರುವ ಮಗ-ಸೊಸೆಯರು, ಮಗಳು-ಅಳಿಯಂದಿರು ಮಕ್ಕಳನ್ನು ಕರೆದುಕೊಂಡು ಊರಿಗೆ ಬರುವ ಕಾಲವದು. ಹಿರಿಯರು ತಿಂಗಳ ಮೊದಲೇ ಮನೆಗೆ ಸುಣ್ಣ ಬಳಿಸಿ, ಉಂಡಿ-ಚಕ್ಕುಲಿಗಳನ್ನು ಡಬ್ಬಿಯಲ್ಲಿ ತುಂಬಿಸಿಟ್ಟು ದಿನವೆಣಿಸುತ್ತಿರುತ್ತಾರೆ. ಆದರೆ ಮೊಮ್ಮಕ್ಕಳು ಬಂದಿಳಿದ ಮೊದಲ ಸಂಜೆಯೇ ಆ ಸಡಗರದ ನಡುವೆ ಒಂದು ಮೌನ ಮೆಲ್ಲನೆ ನುಸುಳುತ್ತದೆ. ಅಜ್ಜಿ ಏನನ್ನೋ ಕೇಳುತ್ತಾಳೆ. ಮಗು ನಸುನಕ್ಕು ತಾಯಿಯ ಮುಖವನ್ನು ನೋಡುತ್ತದೆ. ತಾಯಿ ಆ ಪ್ರಶ್ನೆಯನ್ನು ಇಂಗ್ಲಿಷಿಗೆ ತಿರುಗಿಸುತ್ತಾಳೆ. ಮಗುವಿನ ಉತ್ತರವನ್ನು ಮತ್ತೆ ಕನ್ನಡಕ್ಕೆ ತಿರುಗಿಸುತ್ತಾಳೆ. ಒಂದೇ ರಕ್ತದ ಇಬ್ಬರ ನಡುವೆ ದುಭಾಷಿ ಬೇಕಾಗಿ ಬಂದಿತೆಂದರೆ ಅದಕ್ಕಿಂತ ಕೊರಗು ಮತ್ತೇನಿದ್ದೀತು?

ಹಾವೇರಿ ಜಿಲ್ಲೆಯ ಮಾಸೂರಿನಂಥ ಊರಿನಲ್ಲಿ ಈ ಕೊರಗು ಇನ್ನೂ ಹೆಚ್ಚು ಎದ್ದುಕಾಣುತ್ತದೆ. ಬಹುಕಾಲ ಹಿರೇಕೆರೂರು ತಾಲ್ಲೂಕಿಗೆ ಸೇರಿದ್ದು ಈಗ ರಟ್ಟಿಹಳ್ಳಿ ತಾಲ್ಲೂಕಿನಲ್ಲಿರುವ ಈ ಊರು ಸರ್ವಜ್ಞನ ಹೆಸರಿನೊಡನೆ ಹೆಣೆದುಕೊಂಡದ್ದು. ಸರ್ವಜ್ಞನ ತಂದೆ ಮಾಸೂರಿನವನು, ತಾಯಿ ಅಲ್ಲಿಗೆ ಸಮೀಪದ ಅಬಲೂರಿನವಳು ಎಂಬುದು ಐತಿಹ್ಯ. ಕುಮುದ್ವತಿಗೆ ಗುಡ್ಡಗಳ ನಡುವೆ ಕಟ್ಟೆ ಹಾಕಿ ನಿಲ್ಲಿಸಿದ ಮದಗದ ಕೆರೆಯೂ ಅದೇ ಸೀಮೆಯದು. ಮೂರು ಸಾಲಿನಲ್ಲಿ ಲೋಕಾನುಭವವನ್ನೆಲ್ಲ ಹಿಡಿದಿಟ್ಟ ಕವಿಯ ನೆಲದಲ್ಲಿ, ಆ ನೆಲದ ಕುಡಿಯೇ ಮೂರು ಮಾತು ಆಡಲಾರದೆ ನಿಂತರೆ ಹಿರಿಯರಿಗೆ ನೋವಾಗುವುದು ಸಹಜ.

ಇಂಥ ಸಂದರ್ಭದಲ್ಲಿ ತಪ್ಪನ್ನು ತಾಯ್ತಂದೆಯರ ತಲೆಗೆ ಕಟ್ಟಿಬಿಡುವುದು ಸುಲಭ. ವಾಸ್ತವವಾಗಿ ಅವರಲ್ಲಿ ಬಹುಮಂದಿ ಉದಾಸೀನರೇನಲ್ಲ. ಕನ್ನಡದ ಚಿತ್ರಪುಸ್ತಕಗಳನ್ನು ತರಿಸಿರುತ್ತಾರೆ. ಗೋಡೆಗೆ ಅಕ್ಷರಮಾಲೆಯನ್ನು ಅಂಟಿಸಿರುತ್ತಾರೆ. ಭಾನುವಾರದ ಕನ್ನಡ ತರಗತಿಗೆ ದೂರದವರೆಗೆ ಕಾರು ನಡೆಸಿಕೊಂಡು ಹೋಗುತ್ತಾರೆ. ಮೂರು ವರ್ಷದವರೆಗೆ ಚೆನ್ನಾಗಿಯೇ ಕನ್ನಡವಾಡುತ್ತಿದ್ದ ಮಗು ಶಾಲೆಯ ಮೆಟ್ಟಿಲು ಹತ್ತಿದ ಒಂದೆರಡು ವರ್ಷಗಳಲ್ಲಿ ಇಂಗ್ಲಿಷಿಗೆ ಹೊರಳಿಕೊಂಡುಬಿಡುತ್ತದೆ. ಹೊರಳಿದ್ದು ಯಾವಾಗ ಎಂಬುದು ಮನೆಯವರಿಗೆ ತಿಳಿಯುವುದೇ ಇಲ್ಲ. ಮೊದಲು ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ. ಆಮೇಲೆ ಪ್ರಶ್ನೆಯೂ ಇಂಗ್ಲಿಷಿನಲ್ಲಿ ಬರುತ್ತದೆ. ಕೊನೆಗೆ ತಾಯಿಯೂ ಆಯಾಸಗೊಂಡು ಅದೇ ದಾರಿ ಹಿಡಿಯುತ್ತಾಳೆ. ಮನೆಯಲ್ಲಿ ಇಬ್ಬರು ಮಕ್ಕಳಿದ್ದರಂತೂ ದೊಡ್ಡದು ಶಾಲೆಯಿಂದ ತಂದ ಭಾಷೆಯನ್ನು ಚಿಕ್ಕದು ತೊಟ್ಟಿಲಿನಿಂದಲೇ ಕಲಿಯುತ್ತದೆ.

ಇದಕ್ಕೆ ಕಾರಣವೇನು? ಮಗು ಬಹಳ ವ್ಯವಹಾರಜ್ಞಾನವುಳ್ಳ ಪ್ರಾಣಿ. ತನಗೆ ಬೇಕಾದುದನ್ನು ಯಾವ ಮಾತಿನಿಂದ ಪಡೆಯಬಹುದೋ ಆ ಮಾತನ್ನು ಅದು ಕಲಿಯುತ್ತದೆ. ಕೆಲಸಕ್ಕೆ ಬಾರದ ಮಾತನ್ನು ಯಾವ ಮುಲಾಜೂ ಇಲ್ಲದೆ ಕೈಬಿಡುತ್ತದೆ. ತಂದೆತಾಯಿಗಳಿಗೆ ಇಂಗ್ಲಿಷೂ ಬರುತ್ತದೆ ಎಂಬುದು ಅದಕ್ಕೆ ಗೊತ್ತು. ಹೀಗಿರುವಾಗ ಕನ್ನಡದಲ್ಲೇ ಕೇಳಬೇಕಾದ ಅಗತ್ಯವೆಲ್ಲಿಂದ ಬರಬೇಕು? ಅಮೆರಿಕಕ್ಕೆ ವಲಸೆ ಬಂದ ನಾನಾ ಜನಾಂಗಗಳ ಭಾಷೆಗಳನ್ನು ಜೀವಮಾನವೆಲ್ಲ ಅಭ್ಯಸಿಸಿದ ವಿದ್ವಾಂಸ ಜೋಷುವಾ ಫಿಷ್‌ಮನ್. ಭಾಷೆಗಳ ಅಳಿವು-ಉಳಿವನ್ನು ಕುರಿತು 1991ರಲ್ಲಿ ಆತ ಪ್ರಕಟಿಸಿದ ಗ್ರಂಥ ಒತ್ತಿ ಹೇಳುವುದು ಇದನ್ನೇ: ಮನೆಯಲ್ಲಿ, ನೆರೆಹೊರೆಯಲ್ಲಿ, ಹಿರಿಯರಿಂದ ಕಿರಿಯರಿಗೆ ಸಹಜವಾಗಿ ದಾಟದ ಭಾಷೆಯನ್ನು ಶಾಲೆಯಾಗಲಿ ಸರಕಾರವಾಗಲಿ ಎತ್ತಿ ನಿಲ್ಲಿಸುವುದು ಬಲು ಕಷ್ಟ. ಎಂದರೆ, ಮಗುವಿಗೆ ಭಾಷೆಯನ್ನು ಕಲಿಸುವುದಕ್ಕಿಂತ ಮೊದಲು ಆ ಭಾಷೆಗೆ ಒಂದು ಕೆಲಸವನ್ನು ಹುಡುಕಿಕೊಡಬೇಕು.

ಸರಕಾರದ ಮಾತು ಬಂದುದರಿಂದ ನೆರೆಯ ಗೋವೆಯ ಇತಿಹಾಸವನ್ನು ಇಲ್ಲಿ ನೆನೆಯುವುದು ಉಚಿತ. ಪೋರ್ಚುಗೀಸರು ಗೋವೆಯನ್ನು ಗೆದ್ದದ್ದು 1510ರಲ್ಲಿ. 1684ರಲ್ಲಿ ಅಲ್ಲಿನ ವೈಸ್‌ರಾಯ್ ಒಂದು ಆಜ್ಞೆ ಹೊರಡಿಸಿ, ಜನರು ತಮ್ಮ ನುಡಿಯನ್ನು ಬಿಟ್ಟು ಮೂರು ವರ್ಷಗಳೊಳಗೆ ಪೋರ್ಚುಗೀಸ್ ಭಾಷೆಯನ್ನೇ ಆಡತಕ್ಕದ್ದೆಂದು ವಿಧಿಸಿದನು. ಆಳುವವರ ಕೈಯಲ್ಲಿ ಕಚೇರಿಯಿತ್ತು, ಸೈನ್ಯವಿತ್ತು. ಆದರೂ ಅಡಿಗೆಮನೆಯೊಳಗೆ, ತೊಟ್ಟಿಲ ಬಳಿಗೆ ಆ ಆಜ್ಞೆ ಕಾಲಿಡಲಾರದೆ ಹೋಯಿತು. ಗೋವೆಯನ್ನು ತೊರೆದು ಕನ್ನಡ ಕರಾವಳಿಗೆ ಬಂದ ಕೊಂಕಣಿ ಕುಟುಂಬಗಳು ಪೇಟೆಯಲ್ಲಿ ಕನ್ನಡ-ತುಳುಗಳನ್ನಾಡುತ್ತ, ಮನೆಯಲ್ಲಿ ಕೊಂಕಣಿಯನ್ನೇ ಆಡುತ್ತ, ಶತಮಾನಗಳನ್ನು ಕಳೆದುವು. ಕನ್ನಡ ಲಿಪಿಯಲ್ಲೇ ಕೊಂಕಣಿಯನ್ನು ಬರೆದುಕೊಂಡುವು. 1961ರಲ್ಲಿ ಪೋರ್ಚುಗೀಸರ ಆಳಿಕೆ ಮುಗಿದ ಮೇಲೆ ಗೋವೆಯಲ್ಲಿ ಅವರ ಭಾಷೆ ಕೆಲವೇ ಮನೆಗಳಿಗೆ ಸೀಮಿತವಾಯಿತು. ಕೊಂಕಣಿಯಾದರೋ 1987ರಲ್ಲಿ ಆ ನಾಡಿನ ಅಧಿಕೃತ ಭಾಷೆಯಾಗಿ, 1992ರಲ್ಲಿ ಸಂವಿಧಾನದ ಎಂಟನೆಯ ಪರಿಚ್ಛೇದವನ್ನು ಸೇರಿತು. ಮನೆಯೊಳಗೆ ಕೆಲಸವುಳ್ಳ ಭಾಷೆಯನ್ನು ಹೊರಗಿನ ಬಲ ಅಷ್ಟು ಸುಲಭವಾಗಿ ಅಳಿಸಲಾರದು. ಹೊರದೇಶದಲ್ಲಿರುವ ಕನ್ನಡ ಕುಟುಂಬಗಳಿಗೆ ಇದಕ್ಕಿಂತ ಧೈರ್ಯ ತುಂಬುವ ದೃಷ್ಟಾಂತ ಬೇರೆ ಬೇಕಿಲ್ಲ.

ಕೆಲವರು ತಾಯ್ನುಡಿಯನ್ನು ಕೈಬಿಡುವುದು ಭಯದಿಂದ. ಎರಡು ಭಾಷೆಗಳನ್ನು ಒಟ್ಟಿಗೆ ಕಲಿಸಿದರೆ ಮಗುವಿನ ಬುದ್ಧಿ ಗೊಂದಲಕ್ಕೀಡಾದೀತು, ಶಾಲೆಯಲ್ಲಿ ಹಿಂದುಳಿದೀತು ಎಂಬ ಭಯ ಹಿಂದಿನಿಂದಲೂ ಇದೆ. ಫ್ರಾನ್ಸಿನ ಭಾಷಾಶಾಸ್ತ್ರಜ್ಞ ಜೂಲ್ ರೋಂಜಾ ಎಂಬಾತ ತನ್ನ ಮಗನೊಡನೆ ತಾನು ಫ್ರೆಂಚನ್ನೂ ತನ್ನ ಹೆಂಡತಿ ಜರ್ಮನನ್ನೂ ಮಾತ್ರವೇ ಆಡುವ ಕಟ್ಟುಪಾಡು ಮಾಡಿಕೊಂಡು, ಮಗುವಿನ ಮಾತಿನ ಬೆಳವಣಿಗೆಯನ್ನು ಬರೆದಿಟ್ಟು 1913ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ಆ ಹುಡುಗ ಎರಡು ಭಾಷೆಗಳನ್ನೂ ಬೇರೆಬೇರೆಯಾಗಿಯೇ ಸೊಗಸಾಗಿ ಕಲಿತನು. 1962ರಲ್ಲಿ ಕೆನಡಾದ ಮಾಂಟ್ರಿಯಾಲಿನಲ್ಲಿ ಪೀಲ್ ಮತ್ತು ಲ್ಯಾಂಬರ್ಟ್ ಎಂಬ ಮನಶ್ಶಾಸ್ತ್ರಜ್ಞರು ಹತ್ತು ವರ್ಷದ ಮಕ್ಕಳನ್ನು ಪರೀಕ್ಷಿಸಿದಾಗ, ಎರಡು ಭಾಷೆ ಬಲ್ಲವರೇ ಬುದ್ಧಿಪರೀಕ್ಷೆಗಳಲ್ಲಿ ಮುಂದಿದ್ದರು. ಲಾಭ ಎಷ್ಟೆಂಬುದರ ಬಗ್ಗೆ ಈಚಿನ ವಿದ್ವಾಂಸರಲ್ಲಿ ಚರ್ಚೆಯುಂಟು. ಹಾನಿಯುಂಟೆಂಬ ಹಳೆಯ ಭಯಕ್ಕೆ ಮಾತ್ರ ಆಧಾರ ಉಳಿದಿಲ್ಲ. ಅಪ್ಪನದು ಕನ್ನಡ, ಅಮ್ಮನದು ತೆಲುಗು ಅಥವಾ ಮರಾಠಿ ಎಂಬಂಥ ಮನೆಗಳವರೂ ರೋಂಜಾನ ಕಟ್ಟುಪಾಡನ್ನು ಧೈರ್ಯವಾಗಿ ಪ್ರಯೋಗಿಸಬಹುದು.

ಇನ್ನೊಂದು ಭಯ ಬೆರಕೆಯದು. ಮಗು ಒಂದು ವಾಕ್ಯದಲ್ಲಿ ನಾಲ್ಕು ಇಂಗ್ಲಿಷ್ ಪದಗಳನ್ನು ಸೇರಿಸಿದೊಡನೆ ಕನ್ನಡ ಕೆಟ್ಟಿತೆಂದು ಹಿರಿಯರು ಹುಬ್ಬು ಗಂಟಿಕ್ಕುತ್ತಾರೆ. ಆದರೆ ಮಾಸೂರಿನ ಅಜ್ಜಿ ಬೀಗಕ್ಕೆ ಹಾಕುವ ಚಾವಿ, ಮಗ ತಿಂಗಳಿಗೊಮ್ಮೆ ಎಣಿಸುವ ಪಗಾರ, ಪಲ್ಯಕ್ಕೆ ಹೆಚ್ಚುವ ಬಟಾಟಿ, ಸಂತೆಯಿಂದ ತರುವ ಅನಾನಸು, ಇವೆಲ್ಲವೂ ಪೋರ್ಚುಗೀಸರ ಬಾಯಿಂದ ಬಂದ ಮಾತುಗಳೇ. ಅವು ಬಂದುವೆಂದು ಕನ್ನಡ ಕೆಡಲಿಲ್ಲ. ಇನ್ನು ಹಾವೇರಿ ಜಿಲ್ಲೆಯ ಕೀರ್ತಿಯನ್ನು ಹೊತ್ತ ಬ್ಯಾಡಗಿಯ ಮೆಣಸಿನಕಾಯಿಯೂ ಮೂಲತಃ ಅಮೆರಿಕ ಖಂಡದ ಬೆಳೆ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳೊಡನೆ ಈ ದೇಶಕ್ಕೆ ಬಂದದ್ದು. ಅದಕ್ಕೆ ಕನ್ನಡಿಗರು ತಮ್ಮದೇ ಮೆಣಸಿನ ಹೆಸರನ್ನಿಟ್ಟು ಮನೆಮಗಳಂತೆ ಸಾಕಿಕೊಂಡರು. ವಸ್ತು ಹೊರಗಿನದಾದರೂ ಪದ ಹೊರಗಿನದಾದರೂ, ವಾಕ್ಯದ ಕಟ್ಟು ಮನೆಯದಾಗಿರುವವರೆಗೆ ಭಾಷೆ ಬದುಕಿಯೇ ಇರುತ್ತದೆ. ಮಗು ‘ಬಸ್ಸು ಮಿಸ್ಸಾಯ್ತು’ ಎಂದರೆ ಅದು ಕನ್ನಡವನ್ನೇ ಆಡಿದೆ ಎಂದು ಸಂತೋಷಪಡಬೇಕು.

ಹಾಗಾದರೆ ಆ ಭಾಷೆಗೆ ಕೊಡಬೇಕಾದ ಕೆಲಸ ಯಾವುದು? ಎಲ್ಲಕ್ಕಿಂತ ದೊಡ್ಡ ಕೆಲಸ ಒಬ್ಬ ಮನುಷ್ಯ. ಮಗುವಿಗೆ ಪ್ರಿಯವಾದ, ಕನ್ನಡದಲ್ಲಲ್ಲದೆ ಬೇರೆ ದಾರಿಯಿಂದ ತಲುಪಲಾಗದ ಒಬ್ಬ ಮನುಷ್ಯ. 2003ರಲ್ಲಿ ಅಮೆರಿಕದ ಪೆಟ್ರೀಷಿಯಾ ಕೂಲ್ ಮತ್ತು ಅವರ ಸಂಗಡಿಗರು ಒಂಬತ್ತು ತಿಂಗಳ ಕೂಸುಗಳಿಗೆ ಚೀನೀ ಭಾಷೆಯನ್ನು ಕೇಳಿಸುವ ಪ್ರಯೋಗ ನಡೆಸಿದರು. ಚೀನೀ ಭಾಷೆಯವರು ಎದುರಿಗೆ ಕುಳಿತು ಹನ್ನೆರಡು ಸಲ ಆಡಿಸಿ ನಲಿಸಿದ ಕೂಸುಗಳ ಕಿವಿಗೆ ಆ ಭಾಷೆಯ ಧ್ವನಿಭೇದಗಳು ಹತ್ತಿದುವು. ಅದೇ ಮಾತನ್ನು ಅಷ್ಟೇ ಹೊತ್ತು ದೂರದರ್ಶನದ ಪರದೆಯಲ್ಲಿ ನೋಡಿದ ಕೂಸುಗಳಿಗೆ ಏನೂ ಹತ್ತಲಿಲ್ಲ. ಕನ್ನಡದ ಹಾಡುಗಳನ್ನು ಪರದೆಯ ಮೇಲೆ ಹಚ್ಚಿ, ಮಗುವನ್ನು ಅದರೆದುರು ಕೂರಿಸಿ, ಭಾಷೆ ತಾನಾಗಿ ಬರುತ್ತದೆಂದು ನಂಬಿರುವ ತಾಯಂದಿರು ಇದನ್ನು ಗಮನಿಸಬೇಕು.

ಆದರೆ ನಿರಾಶೆ ಬೇಡ. 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಎರಡು ವರ್ಷ ತುಂಬಿದ ಮಕ್ಕಳನ್ನು ಕುರಿತದ್ದು. ಮುಂಚೆಯೇ ತೆಗೆದಿಟ್ಟ ಚಿತ್ರದಿಂದ ಆ ಮಕ್ಕಳು ಹೊಸ ಪದಗಳನ್ನು ಕಲಿಯಲಿಲ್ಲ. ಆದರೆ ಪರದೆಯ ಆಚೆಯ ವ್ಯಕ್ತಿ ಆ ಹೊತ್ತಿನಲ್ಲೇ ಮಗುವಿನ ಮಾತಿಗೆ ಮಾತು ಕೊಡುತ್ತಿದ್ದಾಗ, ಎದುರಿಗೆ ಕುಳಿತವರಿಂದ ಕಲಿತಂತೆಯೇ ಕಲಿತವು. ಆದುದರಿಂದ ಮಾಸೂರಿನ ಅಜ್ಜಿ ಕೈಯಲ್ಲಿ ಫೋನು ಹಿಡಿದು, ಮುಖ ತೋರಿಸಿ, ಮಗು ಕೇಳಿದ್ದಕ್ಕೆ ಉತ್ತರ ಕೊಡುತ್ತ, ಅದು ನಕ್ಕಾಗ ನಗುತ್ತ ಆಡುವ ಕಾಲು ಗಂಟೆಯ ಮಾತು ನೂರು ಹಾಡಿನ ಚಿತ್ರಗಳಿಗಿಂತ ಬೆಲೆಯುಳ್ಳದ್ದು. ಆ ಕಾಲು ಗಂಟೆಯಲ್ಲಿ ತಾಯಿ ನಡುವೆ ಬಾಯಿ ಹಾಕಿ ಭಾಷಾಂತರ ಮಾಡದಿದ್ದರೆ ಇನ್ನೂ ಒಳ್ಳೆಯದು. ಅರ್ಥವಾಗದ ಕಡೆ ಮಗು ತಡಕಾಡಲಿ, ಕೈಸನ್ನೆ ಮಾಡಲಿ. ತಡಕಾಡಿ ಸಿಕ್ಕಿದ ಮಾತು ಮರೆತು ಹೋಗುವುದಿಲ್ಲ.

ಎರಡನೆಯ ಕೆಲಸ ಅಡಿಗೆಮನೆಯದು. ಜೋಳದ ರೊಟ್ಟಿ ಬಡಿಯುವಾಗ ಹಿಟ್ಟಿನ ಒಂದು ಉಂಡೆಯನ್ನು ಮಗುವಿನ ಕೈಗೂ ಕೊಟ್ಟರೆ, ಹಿಟ್ಟು, ಹಂಚು, ಉರಿ, ಬೂದಿ, ತಿರುವು, ಒತ್ತು, ಸುಟ್ಟೀತು, ಜೋಕೆ ಎಂಬ ಮಾತುಗಳು ಪಾಠವಿಲ್ಲದೆ ಬರುತ್ತವೆ. ಪುಸ್ತಕದಿಂದ ಕಲಿತ ಪದಕ್ಕೆ ವಾಸನೆಯಿರುವುದಿಲ್ಲ. ಅಡಿಗೆಮನೆಯಲ್ಲಿ ಕಲಿತ ಪದಕ್ಕೆ ಒಗ್ಗರಣೆಯ ವಾಸನೆಯೂ ಇರುತ್ತದೆ.

ಮೂರನೆಯದು ನಂಟಿನ ಹೆಸರುಗಳು. ಇಂಗ್ಲಿಷಿನಲ್ಲಿ ಒಂದೇ ಪದಕ್ಕೆ ಕೊರಳೊಡ್ಡುವವರೆಲ್ಲ ಕನ್ನಡದಲ್ಲಿ ಬೇರೆಬೇರೆ: ದೊಡ್ಡಪ್ಪ, ಕಾಕಾ, ಸೋದರಮಾವ, ಹಾಗೆಯೇ ದೊಡ್ಡವ್ವ, ಚಿಗವ್ವ, ಸೋದರತ್ತೆ. ಅಣ್ಣನೋ ತಮ್ಮನೋ, ಅಕ್ಕನೋ ತಂಗಿಯೋ ಎಂಬುದನ್ನು ಕನ್ನಡ ಮೊದಲ ಮಾತಿನಲ್ಲೇ ತಿಳಿಸುತ್ತದೆ. ಯಾರಿಗೆ ‘ನೀನು’, ಯಾರಿಗೆ ‘ನೀವು’, ಯಾರ ಮಾತಿನ ಕೊನೆಗೆ ‘ರೀ’ ಸೇರಿಸಬೇಕು ಎಂಬುದರಲ್ಲಿ ಒಂದು ಸಮಾಜದ ನಡವಳಿಯೇ ಅಡಗಿದೆ. ಕುಟುಂಬದವರ ಚಿತ್ರಗಳನ್ನು ಒಂದು ಹಾಳೆಗೆ ಅಂಟಿಸಿ, ಯಾರು ಏನಾಗಬೇಕೆಂದು ಮಗುವಿನಿಂದ ಹೇಳಿಸುವುದು ಮಳೆಗಾಲದ ಸಂಜೆಗೆ ತಕ್ಕ ಆಟ. ನಂಟು ತಿಳಿದ ಮಗುವಿಗೆ ಊರಿಗೆ ಬಂದಾಗ ಅಪರಿಚಿತರ ನಡುವೆ ನಿಂತಂತೆ ಅನಿಸದು.

ಇಷ್ಟೆಲ್ಲ ಮಾಡಿದರೂ ಮಗು ಇಂಗ್ಲಿಷಿನಲ್ಲೇ ಉತ್ತರಿಸುವ ದಿನಗಳು ಬಂದೇ ಬರುತ್ತವೆ. ಆಗ ರೇಗುವುದರಿಂದ ಪ್ರಯೋಜನವಿಲ್ಲ. ಮಗು ಹೇಳಿದ್ದನ್ನೇ ತಾಯಿ ಕನ್ನಡದಲ್ಲಿ ಮತ್ತೊಮ್ಮೆ ಹೇಳಿ, ಸಂಭಾಷಣೆಯನ್ನು ಮುಂದುವರಿಸಬೇಕು. ಹಾಲು ಬೇಕೆಂದು ಇಂಗ್ಲಿಷಿನಲ್ಲಿ ಕೇಳಿದರೆ, ‘ಹಾಲು ಬೇಕೇನು? ಬಿಸಿ ಮಾಡಿ ಕೊಡಲೋ, ತಣ್ಣಗೇ ಕೊಡಲೋ?’ ಎಂದರೆ ಸಾಕು. ತಿದ್ದಿದಂತೆಯೂ ಆಯಿತು, ಮಾತು ಮುರಿಯದಂತೆಯೂ ಆಯಿತು. ಕೆಲವು ಮನೆಗಳಲ್ಲಿ ಮುದ್ದು ಮಾಡುವುದು ಇಂಗ್ಲಿಷಿನಲ್ಲಿ, ಗದರಿಸುವುದು ಮಾತ್ರ ಕನ್ನಡದಲ್ಲಿ. ಅಂಥ ಮನೆಯ ಮಗುವಿಗೆ ಕನ್ನಡವೆಂದರೆ ಬೈಗುಳದ ಭಾಷೆಯೆಂಬ ಭಾವನೆ ಬೇರೂರಿದರೆ ಆಶ್ಚರ್ಯವೇನು? ಬಂದ ಅತಿಥಿಗಳೆದುರು ಮಗುವನ್ನು ನಿಲ್ಲಿಸಿ ಕನ್ನಡ ಹಾಡು ಹೇಳಿಸುವುದೂ, ಅದರ ಉಚ್ಚಾರ ತಪ್ಪಿದಾಗ ಎಲ್ಲರೂ ಕೂಡಿ ನಗುವುದೂ ಇದೇ ಜಾತಿಯ ಅಪಚಾರ. ‘ಳ’ಕಾರ ಬಾರದೆ ‘ಬಾಲೆಹಣ್ಣು’ ಎಂದ ಮಗು ಒಮ್ಮೆ ನಗೆಗೀಡಾದರೆ, ಮುಂದೆ ಬಾಳೆಹಣ್ಣನ್ನೇ ಕೇಳದೆ ಉಳಿಯಬಹುದು.

ಯಾವ ಕನ್ನಡವನ್ನು ಕಲಿಸಬೇಕು ಎಂಬ ಪ್ರಶ್ನೆಯೂ ಉಂಟು. ಪುಸ್ತಕದ ಕನ್ನಡ ಶುದ್ಧ, ಹಾವೇರಿಯ ಮನೆಮಾತು ಒರಟು ಎಂಬ ಸಂಕೋಚದಿಂದ ಕೆಲವರು ತಮ್ಮ ಆಡುನುಡಿಯನ್ನು ಮರೆಮಾಡಿ, ಪಾಠದ ಧಾಟಿಯಲ್ಲಿ ಮಗುವಿನೊಡನೆ ಮಾತಾಡಲು ತೊಡಗುತ್ತಾರೆ. ಆ ಕೃತಕ ಧಾಟಿ ತಾಯಿಗೇ ಬೇಗ ಬೇಸರ ತರುತ್ತದೆ. ಮಗು ಮೊದಲು ಕಲಿಯಬೇಕಾದದ್ದು ಅಜ್ಜಿ ಆಡುವ ಕನ್ನಡವನ್ನೇ. ಬೇರು ಹಿಡಿದ ಮೇಲೆ ಪುಸ್ತಕದ ಕನ್ನಡವನ್ನು ಕಸಿ ಕಟ್ಟುವುದು ಕಷ್ಟವಲ್ಲ.

ಅಕ್ಷರಾಭ್ಯಾಸಕ್ಕೂ ಇದೇ ನಿಯಮ. ಮಾತು ಬಾರದ ಮಗುವಿಗೆ ‘ಅ’ದಿಂದ ‘ಳ’ದವರೆಗೆ ಬರೆಯಿಸುವುದು ನೀರಿಲ್ಲದ ಕೆರೆಗೆ ತೂಬು ಕಟ್ಟಿದಂತೆ. ಮಾತು ಬಂದ ಮೇಲೆ ಕನ್ನಡದ ಲಿಪಿ ದೊಡ್ಡ ಉಪಕಾರಿ. ಬರೆದಂತೆ ಓದುವ, ಓದಿದಂತೆ ಬರೆಯುವ ಗುಣವುಳ್ಳದ್ದು. ಮೊದಲು ಮಗುವಿನ ಹೆಸರು, ಆಮೇಲೆ ಮನೆಯವರ ಹೆಸರುಗಳು, ಆಮೇಲೆ ಅಜ್ಜನಿಗೆ ಎರಡು ಸಾಲಿನ ಕಾಗದ. ಆ ಕಾಗದಕ್ಕೆ ಅಜ್ಜನ ಕೈಬರಹದಲ್ಲಿ ಉತ್ತರ ಬಂದಿತೆಂದರೆ ಓದುವುದಕ್ಕೆ ಮಗುವಿಗೆ ಒಂದು ಕಾರಣ ಸಿಕ್ಕಿದಂತಾಯಿತು. ಸ್ವಲ್ಪ ದೊಡ್ಡ ಮಕ್ಕಳಿಗೆ ಸರ್ವಜ್ಞನ ತ್ರಿಪದಿಗಳಿಗಿಂತ ಒಳ್ಳೆಯ ಪಠ್ಯವಿಲ್ಲ. ಮೂರೇ ಸಾಲು, ಬಾಯಲ್ಲಿ ನಿಲ್ಲುವ ಲಯ, ಅವುಗಳಲ್ಲಿ ಒಡಪುಗಳೂ ಉಂಟು. ಒಡಪನ್ನು ಬಿಡಿಸುವ ಹಟದಲ್ಲಿ ಮಗು ಪದದ ಅರ್ಥವನ್ನು ತಾನಾಗಿ ಕೇಳುತ್ತದೆ. ಬಾಯಿಮಾತಿನಲ್ಲಿಯೂ ಓಲೆಗರಿಗಳಲ್ಲಿಯೂ ಹರಡಿಹೋಗಿದ್ದ ಆ ವಚನಗಳನ್ನು ಊರೂರು ಅಲೆದು ಕೂಡಿಸಿ 1924ರಲ್ಲಿ ಪ್ರಕಟಿಸಿದವರು ರೆವರೆಂಡ್ ಉತ್ತಂಗಿ ಚನ್ನಪ್ಪನವರು. ಅಲ್ಲಿಯವರೆಗೆ ಜನ ಅವನ್ನು ಮಾತಿಗೆ ಮಾತು ಬಂದಾಗ ಬಳಸುತ್ತಿದ್ದುದರಿಂದಲೇ ಅವು ಉಳಿದು ಬಂದುವು.

ಮನೆಯ ಕೆಲಸಕ್ಕೆ ಸಂಘದ ಕೈ ಸೇರಿದರೆ ಬಲ ಹೆಚ್ಚುತ್ತದೆ. ಮುಂಬಯಿಯ ಕನ್ನಡಿಗರಿಗೆ ಇದು ಹಳೆಯ ಅನುಭವ. ಅಲ್ಲಿನ ಮೈಸೂರು ಅಸೋಸಿಯೇಷನ್ 1926ರಷ್ಟು ಹಿಂದಿನದು. ಹಗಲು ಹೋಟೆಲುಗಳಲ್ಲಿ ದುಡಿಯುತ್ತಿದ್ದ ಹುಡುಗರಿಗೆ ಕನ್ನಡದ ರಾತ್ರಿಶಾಲೆಗಳು ಅಕ್ಷರದ ಜೊತೆಗೆ ಊರಿನ ಬೆಚ್ಚನೆಯನ್ನೂ ಕೊಟ್ಟುವು. ದುಬೈಯಲ್ಲಿ 2014ರಲ್ಲಿ ಆರಂಭವಾದ ಕನ್ನಡ ಪಾಠಶಾಲೆಯಲ್ಲಿ ಕಲಿತ ಮಕ್ಕಳ ಸಂಖ್ಯೆ 1000ವನ್ನು ದಾಟಿದೆ. 2025ರ ಡಿಸೆಂಬರಿನಲ್ಲಿ ಪ್ರಧಾನಮಂತ್ರಿಯವರು ತಮ್ಮ ರೇಡಿಯೋ ಭಾಷಣದಲ್ಲಿ ಅದನ್ನು ಹೆಸರಿಸಿದರು. ಇಂಥ ಶಾಲೆ ಕೊಡುವ ನಿಜವಾದ ಕೊಡುಗೆ ಪಾಠ ಮಾತ್ರವಲ್ಲ. ತನ್ನ ಮನೆಯವರಷ್ಟೇ ಆಡುವ ವಿಚಿತ್ರ ಭಾಷೆಯೆಂದು ಮಗು ತಿಳಿದಿದ್ದ ಮಾತನ್ನು ಬೇರೆ ಮಕ್ಕಳೂ ಆಡುತ್ತಾರೆಂಬ ಅರಿವು ಅಲ್ಲಿ ದೊರೆಯುತ್ತದೆ.

ರಜೆಯಲ್ಲಿ ಊರಿಗೆ ಬಂದಾಗಲೂ ಒಂದು ಎಚ್ಚರ ಬೇಕು. ಬೆಂಗಳೂರು-ಹುಬ್ಬಳ್ಳಿಗಳ ಅಣ್ಣತಮ್ಮಂದಿರು ಇಂಗ್ಲಿಷ್ ಶಾಲೆಗಳಲ್ಲಿ ಓದುವವರು. ಪರದೇಶದ ಮಗುವಿನೊಡನೆ ಅವರೂ ಇಂಗ್ಲಿಷನ್ನೇ ಆಡಿ ಮೆರೆಯುತ್ತಾರೆ. ಮಾಸೂರಿನ ಓಣಿಯ ಹುಡುಗರು ಹಾಗಲ್ಲ. ಅವರೊಡನೆ ಕೆರೆಯ ಏರಿಯ ಮೇಲೆ ಓಡಾಡಿದ ಮಗುವಿಗೆ ಏರಿ ಯಾವುದು, ತೂಬು ಯಾವುದು, ಕೋಡಿ ಬೀಳುವುದೆಂದರೇನು ಎಂಬುದು ಯಾವ ಪುಸ್ತಕದ ಹಂಗೂ ಇಲ್ಲದೆ ತಿಳಿಯುತ್ತದೆ. ಹಿರಿಯರು ಮಗುವನ್ನು ಬಿಸಿಲು-ಧೂಳುಗಳಿಂದ ಕಾಯುವ ಭರದಲ್ಲಿ ಓಣಿಯಿಂದಲೂ ಕಾಯ್ದುಬಿಡಬಾರದು.

ಕಡೆಯ ಮಾತು ಅಜ್ಜ-ಅಜ್ಜಿಯರಿಗೆ ಸಲ್ಲತಕ್ಕದ್ದು. ಮೊಮ್ಮಗು ಪಟಪಟನೆ ಇಂಗ್ಲಿಷ್ ಆಡುವುದನ್ನು ಕೇಳಿ ಹೆಮ್ಮೆಯಿಂದ ಉಬ್ಬಿ, ತಮಗೆ ಬರುವ ನಾಲ್ಕು ಇಂಗ್ಲಿಷ್ ಮಾತುಗಳನ್ನೇ ಅದರ ಮೇಲೆ ಪ್ರಯೋಗಿಸುವವರು ಅವರಲ್ಲಿ ಅನೇಕರು. ಆ ಪ್ರೀತಿಯನ್ನು ಆಕ್ಷೇಪಿಸುವಂತಿಲ್ಲ. ಆದರೆ ಕನ್ನಡಕ್ಕೆ ಉಳಿದಿದ್ದ ಒಂದೇ ಕೆಲಸವನ್ನೂ ಅದು ಕಿತ್ತುಕೊಳ್ಳುತ್ತದೆ. ‘ಊಟವಾಯಿತೇ, ಶಾಲೆಗೆ ಹೋದೆಯಾ’ ಎಂಬೆರಡು ಪ್ರಶ್ನೆಗಳಿಗೆ ಫೋನನ್ನು ಮುಗಿಸಿಬಿಡುವುದೂ ಅಷ್ಟೇ. ಅದಕ್ಕೆ ಬದಲಾಗಿ ಪ್ರತಿ ಭಾನುವಾರ ಒಂದು ಕಥೆಯನ್ನು ಆರಂಭಿಸಿ, ರಾಕ್ಷಸನ ಗುಹೆಯ ಬಾಗಿಲು ತೆರೆಯುವ ಹೊತ್ತಿಗೆ ಸರಿಯಾಗಿ ನಿಲ್ಲಿಸಿ, ಉಳಿದುದನ್ನು ಮುಂದಿನ ವಾರಕ್ಕೆ ಇರಿಸಿಕೊಳ್ಳಬೇಕು. ಧಾರಾವಾಹಿಯ ಮುಂದಿನ ಕಂತಿಗಾಗಿ ವಾರವಿಡೀ ಕಾಯುವುದು ಎಂಥದೆಂಬುದನ್ನು ವಾರಪತ್ರಿಕೆಗಳ ಓದುಗರಿಗೆ ವಿವರಿಸಬೇಕಾದ ಅಗತ್ಯವಿಲ್ಲ. ಸಮುದ್ರದ ಆಚೆಯ ಮಗುವೂ ಹಾಗೆಯೇ ಕಾಯುತ್ತದೆ. ಗುಹೆಯೊಳಗೆ ಏನಿತ್ತೆಂಬುದು ಅಜ್ಜಿಗೆ ಮಾತ್ರ ಗೊತ್ತು. ಅಜ್ಜಿಗೆ ಕನ್ನಡ ಮಾತ್ರ ಗೊತ್ತು. ಇಷ್ಟಾದರೆ, ‘ಆಮೇಲೆ ಏನಾಯಿತು?’ ಎಂದು ಮಗು ಯಾವ ಭಾಷೆಯಲ್ಲಿ ಕೇಳೀತೆಂಬ ಚಿಂತೆ ಮನೆಯವರಿಗೆ ಉಳಿಯುವುದಿಲ್ಲ.